ಕಿವಿಗೆ ಹತ್ತಿ ಇಟ್ಟುಕೊಂಡ ಕೋಚ್

ನಮ್ಮ ಕಾಲೇಜಿನ ಬೇಸ್‌ಬಾಲ್ ಕೋಚ್ ವರ್ಲಿನ್ ಸ್ಟಾಂಪರ್ ಪಂದ್ಯದ ದಿನ ಎರಡೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. ಸಣ್ಣ ಚೂರೇನಲ್ಲ, ಒಂದು ಕುರಿಮರಿಯನ್ನು ಎರಡು ಪಾಲು ಮಾಡಿ ತುರುಕಿದ ಹಾಗೆ ಕಾಣುತ್ತಿತ್ತು. ಎಸೆಗಾರರು ಬೇಲಿಯ ಮೂಲೆಯಲ್ಲಿ ನಾಲ್ಕು ಚೆಂಡು ಎಸೆದು ಕೈ ಬಿಸಿ ಮಾಡಿಕೊಳ್ಳಲು ಹೊರಟರೆಂದರೆ ಹತ್ತಿ ಒಳಗೆ ಹೋಗುತ್ತಿತ್ತು. ಆಟ ಮುಗಿದು ಕೊನೆಯ ಆಟಗಾರ ಬೂಟು ಬಿಚ್ಚುವವರೆಗೂ ಹೊರಗೆ ಬರುತ್ತಿರಲಿಲ್ಲ.

ಟಾಲಿವರ್ ಊರಿನಲ್ಲಿ ಇದಕ್ಕೆ ಕಾರಣಗಳ ಬರ ಇರಲಿಲ್ಲ. ಹುಡುಗರ ಬೈಗುಳ ಕಿವಿಗೆ ಬೀಳದಿರಲೆಂದು ಹೀಗೆ ಮಾಡುತ್ತಾನೆ ಎಂದು ಬ್ಯಾಪ್ಟಿಸ್ಟ್ ಚರ್ಚಿನವರು ಹೇಳುತ್ತಿದ್ದರು. ಬ್ಯಾಪ್ಟಿಸ್ಟರ ಉಪದೇಶ ಬೀಳದಿರಲೆಂದು ಮೆಥಡಿಸ್ಟ್ ಚರ್ಚಿನವರು ಹೇಳುತ್ತಿದ್ದರು. ಕ್ಷೌರದಂಗಡಿಯವರ ತೀರ್ಮಾನವೇ ಬೇರೆ: ಅವನ ಹೆಂಡತಿ ಜಿನೀವಾ ಪ್ರೇಕ್ಷಕರ ಮೆಟ್ಟಿಲ ಮೇಲೆ ಕೂತು ಯಾರನ್ನು ಆಡಿಸಬೇಕು, ಯಾರನ್ನು ಇಳಿಸಬೇಕು ಎಂದು ಕೂಗುತ್ತಿದ್ದಳಲ್ಲ, ಆ ಧ್ವನಿಗೆ ಪಕ್ಕದ ಜಿಲ್ಲೆಯ ತಂಡಗಳು ಆಟಗಾರರನ್ನು ಬದಲಾಯಿಸಿಕೊಂಡದ್ದೂ ಉಂಟಂತೆ.

ನಿಜವಾದ ಕಾರಣ ನನಗೆ ಗೊತ್ತಿತ್ತು. ವರ್ಲಿನ್ ಆಡುತ್ತಿದ್ದ ಕಾಲದಲ್ಲಿ ತಂಡದ ಬಸ್ಸು ಓಡಿಸಿದವನು ನಾನು. ಅವನು ಕೋಚ್ ಆದ ಮೇಲೆ ಕಾಲೇಜಿನ ಮೈದಾನದ ಹುಲ್ಲು ಕತ್ತರಿಸುವ ಕೆಲಸ ನನಗೆ ಕೊಡಿಸಿದ್ದೂ ಅವನೇ. ಅವನಿಗೆ ಒಂದು ಸದ್ದಿನ ಹೆದರಿಕೆ ಇತ್ತು. ಅದರಿಂದ ಬಿಡುಗಡೆ ಬೇಕಿದ್ದರೆ ಬೆಟ್ಟದಾಚೆ ಇದ್ದ ಹಾಯ್ಟ್ ಮಲ್ಲಿನ್ಸ್ ಎಂಬ ಮನುಷ್ಯನಿಗೆ ಒಂದು ಮಾತು ಹೇಳಬೇಕಾಗಿತ್ತು. ಆ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ವರ್ಲಿನ್ನನ ತಲೆ ಬೆಳ್ಳಗಾಯಿತು.

ನಾವೆಲ್ಲ ಹರೆಯದಲ್ಲಿದ್ದಾಗ ಟಾಲಿವರಿಗೆ ತನ್ನದೇ ಒಂದು ತಂಡವಿತ್ತು. ಕೆಳಗಿನ ಲೀಗುಗಳಲ್ಲೂ ಎಲ್ಲಕ್ಕಿಂತ ಕೆಳಗಿನದು, ಅದರ ಕೆಳಗೆ ಇದ್ದದ್ದು ಕಲ್ಲಿದ್ದಲ ಗಣಿ ಮಾತ್ರ. ನನ್ನ ಬಸ್ಸು ಏರಿನಲ್ಲಿ ನಿಂತರೆ ಆಟಗಾರರು ಇಳಿದು ತಳ್ಳುತ್ತಿದ್ದರು, ಇಳಿಜಾರಿನಲ್ಲಿ ಕೂತು ಪ್ರಾರ್ಥಿಸುತ್ತಿದ್ದರು. ನಮ್ಮ ಕಡೆ ಸಮತಟ್ಟು ನೆಲ ಎಂದು ಇದ್ದದ್ದು ಆಟದ ಮೈದಾನ ಒಂದೇ ಆದ್ದರಿಂದ ಅವರಿಗೆ ನೆಮ್ಮದಿ ಅಲ್ಲಿ ಮಾತ್ರ ಸಿಗುತ್ತಿತ್ತು.

ವರ್ಲಿನ್ ಕ್ಯಾಚರ್. ಮುಖಕ್ಕೆ ಕಂಬಿಯ ಮುಸುಕು, ಎದೆಗೆ ಮೆತ್ತೆ ಕಟ್ಟಿಕೊಂಡು, ಬ್ಯಾಟು ಬೀಸುವವನ ಹಿಂದೆ ಇಡೀ ಸಂಜೆ ಕುಕ್ಕರಗಾಲಲ್ಲಿ ಕೂರುವ ಕೆಲಸ. ಎಸೆಗಾರ ಎಸೆದದ್ದನ್ನೆಲ್ಲ ಹಿಡಿಯಬೇಕು, ಹಿಡಿಯಲಾಗದ್ದನ್ನು ಮೈಯಿಂದ ತಡೆಯಬೇಕು. ಅವನ ಬಲಗೈ ಬೆರಳುಗಳು ಎಷ್ಟು ಸಲ ಮುರಿದು ಕೂಡಿದ್ದವೆಂದರೆ, ದಾರಿ ಕೇಳಿದವರಿಗೆ ಅವನು ಕೈ ಎತ್ತಿ ತೋರಿಸಿದರೆ ಒಂದೇ ಕಾರಿನವರು ಐದು ಊರುಗಳಿಗೆ ಹೋಗುತ್ತಿದ್ದರು. ಬ್ಯಾಟು ಹಿಡಿದರೆ ಸೊಳ್ಳೆ ಓಡಿಸಲೂ ಸಾಲದು. ಅವನನ್ನು ತಂಡದಲ್ಲಿ ಇಟ್ಟುಕೊಂಡದ್ದು ಅವನ ಗವಸಿಗಾಗಿ.

ಎಡಗೈಗೆ ತೊಡುವ ಆ ಗವಸಿಗೆ ಅವನು ಹಂದಿಯ ಕೊಬ್ಬು ತಿಕ್ಕುತ್ತಿದ್ದ, ಒಳಗೆ ಚೆಂಡಿಟ್ಟು ಹಗ್ಗ ಸುತ್ತಿ ದಿಂಬಿನಡಿ ಮಲಗಿಸುತ್ತಿದ್ದ. ಅಂಗೈಯ ನಟ್ಟನಡುವೆ ಒಳಗಿನ ಮೆತ್ತೆಯನ್ನು ಚಾಕುವಿನಿಂದ ಕೆತ್ತಿ ಒಂದು ಗುಂಡಿ ಮಾಡಿದ್ದ. ಚೆಂಡು ಬಂದು ಮುಟ್ಟುವ ಗಳಿಗೆಗೆ ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿ ಆ ಗುಂಡಿಯಲ್ಲಿ ಹಿಡಿದನೆಂದರೆ ಫಟ್ ಎಂದು ಸಿಡಿಯುತ್ತಿತ್ತು. ಕಣಿವೆಯ ಆ ಬದಿಯಲ್ಲಿ ಹಾಲು ಕೊಡುತ್ತಿದ್ದ ಹಸುಗಳು ಬಕೆಟ್ಟು ಒದೆಯುತ್ತಿದ್ದವು. ಯಾರದೋ ಅಜ್ಜಿ ಹಿಟ್ಟಿನ ಉಂಡೆ ಎಸೆದಿದ್ದರೂ ಅವನ ಗವಸಿನಲ್ಲಿ ಅದು ಗುಂಡೇಟಿನ ಹಾಗೆ ಕೇಳಿಸುತ್ತಿತ್ತು. ತನ್ನ ಚೆಂಡು ಹೀಗೆ ಸಿಡಿದದ್ದು ಕಿವಿಗೆ ಬಿದ್ದರೆ ಎಸೆಗಾರನಿಗೆ ಎಲ್ಲಿಲ್ಲದ ಹುಮ್ಮಸ್ಸು, ದಣಿದ ತೋಳಿಗೂ ಜೀವ ಬಂದ ಭ್ರಮೆ. ಕ್ಯಾಚರುಗಳೆಲ್ಲ ಅಷ್ಟೋ ಇಷ್ಟೋ ಮಾಡುವ ಉಪಕಾರ ಇದು. ವರ್ಲಿನ್ ಅದನ್ನು ವಿದ್ಯೆ ಮಾಡಿಕೊಂಡಿದ್ದ.

ಹಾಯ್ಟ್ ಮಲ್ಲಿನ್ಸ್ ನಮ್ಮ ಎಸೆಗಾರ. ನಿಂತಲ್ಲೇ ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಉದ್ದ ತೋಳು. ಅವನ ಚೆಂಡು ಅಂಪೈರಿಗೂ ಕಾಣುತ್ತಿರಲಿಲ್ಲ, ಪಾಪ, ಗಾಳಿಯ ವಾಸನೆ ನೋಡಿ ತೀರ್ಪು ಹೇಳುತ್ತಿದ್ದ. ಹಾಯ್ಟ್ ಮತ್ತು ವರ್ಲಿನ್ ಒಂದೇ ಕೋಣೆಯಲ್ಲಿದ್ದರು, ಒಂದೇ ತಟ್ಟೆಯಲ್ಲಿ ಕಾಳಿನ ಸಾರು ಮತ್ತು ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಿದ್ದರು, ಬಸ್ಸಿನಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಜೊಲ್ಲು ಸುರಿಸುತ್ತಿದ್ದರು. ಹಾಯ್ಟ್ ದೊಡ್ಡ ಲೀಗಿಗೆ ಹೋಗುತ್ತಾನೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಯ್ಟನಿಗಂತೂ ಇರಲೇ ಇಲ್ಲ.

ಒಂದು ಆಗಸ್ಟಿನಲ್ಲಿ ದೊಡ್ಡ ಲೀಗಿಗೆ ಆಟಗಾರರನ್ನು ಆರಿಸುವ ಮನುಷ್ಯನೊಬ್ಬ ಹಾಯ್ಟನನ್ನು ನೋಡಲು ಬಂದ. ಬರಬಾರದ ಹೊತ್ತಿನಲ್ಲಿ ಬಂದ. ಬೇಸಿಗೆಯಿಡೀ ಎಸೆದೂ ಎಸೆದೂ ಹಾಯ್ಟನ ಮೊಣಕೈ ಗೆಣಸಿನ ಹಾಗೆ ಊದಿತ್ತು. ಅದನ್ನು ಅವನು ವರ್ಲಿನ್ನನಿಗೆ ಬಿಟ್ಟು ಯಾರಿಗೂ ತೋರಿಸಿರಲಿಲ್ಲ. ಬಾಗಿಲು ಹಾಕಿಕೊಂಡು ವರ್ಲಿನ್ನನೇ ಎಣ್ಣೆ ತಿಕ್ಕುತ್ತಿದ್ದ.

ಪಂದ್ಯಕ್ಕೆ ಮುಂಚೆ ಇಬ್ಬರೂ ಬೇಲಿಯ ಮೂಲೆಗೆ ಹೋದರು. ಮೊದಲ ಚೆಂಡು ಬಂತು. ವರ್ಲಿನ್ ನನಗೆ ಆಮೇಲೆ ಹೇಳಿದ ಪ್ರಕಾರ, ಅದು ಎಸೆದ ಚೆಂಡಿನ ಹಾಗೆ ಇರಲಿಲ್ಲ, ಯಾರೋ ಕೈಹಿಡಿದು ನಡೆಸಿಕೊಂಡು ಬಂದ ಹಾಗಿತ್ತು. ಹಾಗೇ ಹಿಡಿದಿದ್ದರೆ ತೊಪ್ ಎಂದು ಬಿದ್ದು ಎಲ್ಲರಿಗೂ ವಿಷಯ ತಿಳಿಯುತ್ತಿತ್ತು. ಆದರೆ ಹಾಯ್ಟ್ ಆ ತುದಿಯಿಂದ ಇವನ ಮುಖವನ್ನೇ ನೋಡುತ್ತಿದ್ದ. ವರ್ಲಿನ್ ಮಣಿಕಟ್ಟು ತಿರುಗಿಸಿದ. ಫಟ್. ಹಾಯ್ಟನ ಮುಖ ಅರಳಿತು. ಇನ್ನೊಂದು. ಫಟ್.

ನಮ್ಮ ಮ್ಯಾನೇಜರ್ ಕ್ರಾಬ್‌ಟ್ರೀಗೆ ಕಣ್ಣು ಮಂದ. ಒಮ್ಮೆ ಎದುರಾಳಿಗಳ ಬಸ್ಸು ಹತ್ತಿ, ಅವರನ್ನೇ ಚೆನ್ನಾಗಿ ಬೈದು, ಅವರ ಊರಿಗೇ ಹೋಗಿ ಇಳಿದಿದ್ದ. ವೇಗ ಅಳೆಯುವ ಯಂತ್ರ ಆಗಿನ್ನೂ ನಮ್ಮ ಬೆಟ್ಟಗಳಿಗೆ ಹತ್ತಿ ಬಂದಿರಲಿಲ್ಲ. ಅವನು ಎಲ್ಲವನ್ನೂ ಕಿವಿಯಿಂದಲೇ ಅಳೆಯುತ್ತಿದ್ದ. ತಂಬಾಕು ಉಗಿದು, ಬೇಲಿಗೆ ಒರಗಿ, ಕ್ಯಾಚರನನ್ನು ಕೇಳುವುದು ಪದ್ಧತಿ. ಆವತ್ತೂ ಕೇಳಿದ.

"ಏನಪ್ಪಾ, ಅವನ ಕೈಯಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ?"

"ಕೇಳಿಸ್ತಿಲ್ವಾ ಯಜಮಾನ್ರೇ?" ಎಂದ ವರ್ಲಿನ್.

ಒಂಬತ್ತರಲ್ಲಿ ಏಳನೆಯ ಇನ್ನಿಂಗ್ಸಿನಲ್ಲಿ ಹಾಯ್ಟನ ತೋಳು ಹೋಯಿತು. ನಾನು ಆಚೆ ಬಸ್ಸಿನ ಚಕ್ರ ಒರೆಸುತ್ತಿದ್ದೆ, ಅಲ್ಲಿಗೂ ಕೇಳಿಸಿತು. ಹಸಿ ಕೊಂಬೆ ಮುರಿದ ಸದ್ದು. ಇದಕ್ಕೆ ನಾನು ಏನನ್ನೂ ಸೇರಿಸುತ್ತಿಲ್ಲ. ಹಾಯ್ಟ್ ಕೂಗಲಿಲ್ಲ. ಪಕ್ಕದಲ್ಲಿ ಜೋತು ಬಿದ್ದ ಕೈಯನ್ನು, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ನೋಡುತ್ತ ನಿಂತ. ದೊಡ್ಡ ಲೀಗಿನ ಮನುಷ್ಯ ಆ ಇನ್ನಿಂಗ್ಸು ಮುಗಿಯುವ ಮೊದಲೇ ಟೋಪಿ ಹಾಕಿಕೊಂಡು ಹೊರಟುಹೋದ.

ಹಾಯ್ಟನ ಬಲಗೈ ಮತ್ತೆಂದೂ ಭುಜದ ಮೇಲಕ್ಕೆ ಏಳಲಿಲ್ಲ. ಅವನು ಬೆಟ್ಟದಾಚೆಯ ತನ್ನ ಊರಿಗೆ ಹೋಗಿ, ತಂಗಿ ನೋವೆಲಾಳ ಜೊತೆ ಪೆಟ್ರೋಲು ಹಾಕುವ ಒಂದು ಸಣ್ಣ ಅಂಗಡಿ ಇಟ್ಟುಕೊಂಡ. ವರ್ಲಿನ್ ಇನ್ನೊಂದೆರಡು ವರ್ಷ ಅಲ್ಲಲ್ಲಿ ಕುಕ್ಕರಿಸಿ, ಮೇಲಿನವರು ಯಾರೂ ಕರೆಯದಿದ್ದಾಗ ಕಾಲೇಜಿಗೆ ಸೇರಿ, ಕೊನೆಗೆ ಅಲ್ಲೇ ಕೋಚ್ ಆದ.

ಎಂಥ ಕೋಚ್ ಎಂದರೆ, ಅವನ ಎಸೆಗಾರ ಎದುರಾಳಿಗಳನ್ನು ಸಾಲಾಗಿ ಮಲಗಿಸುತ್ತಿದ್ದರೂ, ಮೊಣಕೈ ಕೂದಲೆಳೆಯಷ್ಟು ಕೆಳಗಿಳಿದದ್ದು ಕಂಡರೆ ಸಾಕು, ಎಸೆಗಾರ ನಿಲ್ಲುವ ದಿಬ್ಬಕ್ಕೆ ನಡೆದು ಚೆಂಡು ಕಿತ್ತುಕೊಳ್ಳುತ್ತಿದ್ದ. ಕಿವಿಯಲ್ಲಿ ಹತ್ತಿ ಇದ್ದುದರಿಂದ ಯಾರ ಗೋಗರೆತವೂ ಮುಟ್ಟುತ್ತಿರಲಿಲ್ಲ. ಇದರಿಂದ ಕೈತಪ್ಪಿದ ಬಹುಮಾನದ ಕಪ್ಪುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚರ್ಚಿನ ಗೋಪುರಕ್ಕೆ ಏಣಿ ಬೇಕಾಗುತ್ತಿರಲಿಲ್ಲ. ಊರಿನವರು ಅವನಿಗೆ ಇಟ್ಟ ಹೆಸರುಗಳನ್ನು ಬರೆದರೆ ಮುದ್ರಿಸುವವರು ಸಿಗುವುದಿಲ್ಲ. ಆದರೆ ಅವನ ಕೈಕೆಳಗೆ ಆಡಿದ ಎಸೆಗಾರರಲ್ಲಿ ಒಬ್ಬನ ತೋಳಿಗೂ ಡಾಕ್ಟರರ ಕತ್ತರಿ ತಾಗಲಿಲ್ಲ. ಅವರೆಲ್ಲ ಇವತ್ತು ಮಕ್ಕಳನ್ನು ತಲೆಯ ಮೇಲೆ ಎತ್ತಿ ಆಡಿಸುತ್ತಾರೆ.

ಹತ್ತಿಯಿಂದ ಹುಡುಗರ ಗವಸಿನ ಸದ್ದು ತಡೆಯಬಹುದಿತ್ತು. ಇನ್ನೊಂದನ್ನು ತಡೆಯಲಾಗುತ್ತಿರಲಿಲ್ಲ. ಹುಡುಗರೆಲ್ಲ ಊಟಕ್ಕೆ ಹೋಗಿ, ನಾನು ದಿಬ್ಬದ ಮಣ್ಣು ಸಮ ಮಾಡುತ್ತಿರುವ ಇಳಿಹೊತ್ತಿನಲ್ಲಿ ವರ್ಲಿನ್ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದ. ಯಾರೂ ಇಲ್ಲದ ಬೇಲಿಯ ಮೂಲೆಯ ಕಡೆ ಕತ್ತು ತಿರುಗುತ್ತಿತ್ತು.

"ಕೇಳಿಸ್ತಾ ಎಲ್ಬರ್ಟ್?"

ನನಗೇನೂ ಕೇಳಿಸಿರುತ್ತಿರಲಿಲ್ಲ. ಆದರೆ ಆ ಮುಖಕ್ಕೆ ಹಾಗೆನ್ನುವುದು ಹೇಗೆ? "ಮರಕುಟಿಗ ಕಣೋ," ಎನ್ನುತ್ತಿದ್ದೆ. ಮೂಲೆಯಲ್ಲಿ ಒಂದು ಒಣ ಓಕ್ ಮರವಿತ್ತು. ಅವನು ಮರುವಾರವೇ ಅದನ್ನು ಕಡಿಸಿದ. ಆಮೇಲೆ ಅದರ ಅಕ್ಕಪಕ್ಕದ ಮರಗಳನ್ನೂ ಕಡಿಸಿದ. ಸದ್ದು ನಿಲ್ಲಲಿಲ್ಲ. ಎಸೆಯುವ ಜಾಗವನ್ನೇ ಎಡಬೇಲಿಯಿಂದ ಬಲಬೇಲಿಗೆ, ಅಲ್ಲಿಂದ ಗೋಡೆಯ ಹಿಂದಕ್ಕೆ ಹೊರಿಸಿದ. ಹಲಗೆ, ಮಣ್ಣು, ಬಕೆಟ್ಟು ಎಲ್ಲವನ್ನೂ ನಾನೇ ಸಾಗಿಸಿದೆ. ಸದ್ದು ನಮ್ಮ ತಳ್ಳುಗಾಡಿಯಲ್ಲೇ ಕೂತು ಬಂದಿರಬೇಕು. ಮೂರನೆಯ ಜಾಗದಲ್ಲಿ ಮೊದಲ ದಿನವೇ ಅವನ ಕತ್ತು ತಿರುಗಿತು. ಕೊನೆಗೆ ಎಲ್ಲವನ್ನೂ ವಾಪಸು ಹಳೆಯ ಮೂಲೆಗೇ ತಂದೆವು.

ಅತ್ತ ಹಾಯ್ಟ್ ದೆವ್ವವೇನಾಗಿರಲಿಲ್ಲ, ಗಟ್ಟಿಮುಟ್ಟಾಗಿ ಕೂತು ಮಾತಾಡುತ್ತಿದ್ದ. ನಾನು ಆ ಕಡೆ ಹೋದಾಗಲೆಲ್ಲ ಅವನ ಅಂಗಡಿಯಲ್ಲಿ ಕರಿದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ. ಪೆಟ್ರೋಲಿಗೆ ನಿಂತ ಪರವೂರಿನವರೂ ಅವನ ಆ ದಿನದ ಕಥೆ ಕೇಳದೆ ಹೊರಡುವಂತಿರಲಿಲ್ಲ. ತನ್ನ ಇಡೀ ಆಯುಷ್ಯದಲ್ಲಿ ಅಷ್ಟು ವೇಗವಾಗಿ ಎಸೆದ ದಿನ ಇನ್ನೊಂದಿಲ್ಲವಂತೆ. ಕ್ಯಾಚರನ ಗವಸು ಫಿರಂಗಿಯ ಹಾಗೆ ಸಿಡಿಯುತ್ತಿತ್ತಂತೆ. ದೇವರೇ ಕೆಳಗೆ ಬಗ್ಗಿ ನೋಡಿ, ಇದು ಮನುಷ್ಯರಿಗೆ ಹೆಚ್ಚಾಯಿತು ಎಂದು ತೋಳನ್ನು ವಾಪಸು ತೆಗೆದುಕೊಂಡನಂತೆ. ವರ್ಷದಿಂದ ವರ್ಷಕ್ಕೆ ಗವಸಿನಿಂದ ಹೊಗೆಯೂ ಬರತೊಡಗಿತು. ಕಥೆಗೆ ರೆಕ್ಕೆ ಕಟ್ಟುವ ಈ ಕಸುಬಿನಲ್ಲಿ ನಾನೇ ಪಳಗಿದವನು, ಅವನ ಮುಂದೆ ಟೋಪಿ ತೆಗೆಯುತ್ತಿದ್ದೆ.

ಅದನ್ನೆಲ್ಲ ಬಂದು ವರ್ಲಿನ್ನನಿಗೆ ಹೇಳಿದರೆ ಅವನು ನಗುತ್ತಿರಲಿಲ್ಲ. ತಂಡ ಆಚೆ ಊರಿಗೆ ಹೋಗುವಾಗ ಬಸ್ಸು ಆ ಅಂಗಡಿಯ ಮುಂದೆ ಹಾಯದ ಹಾಗೆ ಬೆಟ್ಟ ಸುತ್ತಿಸುತ್ತಿದ್ದ.

ಅವನು ನಿವೃತ್ತನಾಗುವ ವಸಂತದಲ್ಲಿ ಸುದ್ದಿ ಬಂತು: ಹಾಯ್ಟನ ಹೃದಯ ಸೋತಿದೆ, ಚಳಿಗಾಲದವರೆಗೆ ಉಳಿಯುವ ಮಾತನ್ನು ಡಾಕ್ಟರರು ಎತ್ತುತ್ತಿಲ್ಲ. ಜಿನೀವಾ ಗಂಡನ ಹಳೆಯ ಗವಸನ್ನು ಅಟ್ಟದಿಂದ ಇಳಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಒಂದೋ ಅವನನ್ನು ನೋಡಿಬರಬೇಕು, ಇಲ್ಲವೇ ಇನ್ನು ಮೇಲೆ ನಿದ್ದೆಯಲ್ಲಿ ಎಡಗೈ ಮಡಚಿ ಬಿಚ್ಚಿ ತನ್ನನ್ನು ಎಬ್ಬಿಸಬಾರದು ಎಂದಳು. ಭಾನುವಾರ ಚರ್ಚು ಮುಗಿದ ಮೇಲೆ ವರ್ಲಿನ್ ನನ್ನ ಟ್ರಕ್ಕು ಹತ್ತಿದ. ಗವಸು ತೊಡೆಯ ಮೇಲೆ, ಹತ್ತಿ ಕಿವಿಯಲ್ಲಿ.

"ಹೇಳಿಬಿಡ್ತೀನಿ," ಎಂದ. "ಅವನು ಹೋಗಿಬಿಟ್ರೆ ಇದು ನನ್ನನ್ನ ಬಿಡಲ್ಲ."

ಹಾಯ್ಟ್ ಗಲ್ಲಾದ ಹಿಂದೆ ಎತ್ತರದ ಸ್ಟೂಲಿನಲ್ಲಿದ್ದ. ಮೈ ಇಳಿದು, ತೋಳು ಮಾತ್ರ ಉದ್ದವಾಗಿ ಉಳಿದಿತ್ತು. ಬಾಗಿಲಲ್ಲಿ ನಿಂತವನನ್ನು ಬಹಳ ಹೊತ್ತು ನೋಡಿದ.

"ಯಾರಪ್ಪ ಈ ಮುದುಕ? ಮಂಡಿ ನೋವಿನ ಮುಲಾಮು ಆ ಕಪಾಟಲ್ಲಿದೆ ನೋಡು."

"ನಾನು ಕಣೋ ಹಾಯ್ಟ್."

"ಗೊತ್ತು ಬಿಡೋ. ಆ ಬಾತುಕೋಳಿ ನಡಿಗೆ ಇನ್ಯಾರಿಗಿದೆ? ಒಂದು ಬೆಟ್ಟ ಇಳಿಯೋಕೆ ಇಷ್ಟು ವರ್ಷ ತಗೊಂಡ್ಯಾ? ಓಡೋದ್ರಲ್ಲಿ ನೀನು ಮೊದ್ಲಿಂದ್ಲೂ ಹಿಂಗೇ. ಕಿವಿಯಲ್ಲೇನೋ ಅದು, ಗುಬ್ಬಿ ಗೂಡು ಕಟ್ಟಿದೆಯಾ?"

ವರ್ಲಿನ್ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. ಹಾಯ್ಟ್ ಎಡಗೈಯಲ್ಲೇ ಮಾಂಸ ಕರಿದು ಮೂವರಿಗೂ ಸ್ಯಾಂಡ್‌ವಿಚ್ ಕೊಟ್ಟ. ಸತ್ತವರ ಸುದ್ದಿ, ಕ್ರಾಬ್‌ಟ್ರೀಯ ಕಣ್ಣು, ನನ್ನ ಬಸ್ಸಿನ ಬ್ರೇಕು ಎಲ್ಲ ಬಂದು ಹೋದವು. ನಾನು ನನ್ನದನ್ನೂ ತಿಂದು ವರ್ಲಿನ್ ಮುಟ್ಟದೆ ಬಿಟ್ಟದ್ದನ್ನೂ ತಿಂದೆ. ಆಗ ಅವನು ಹೇಳಿದ.

"ಹಾಯ್ಟ್, ಆವತ್ತು ನಿನ್ನ ಕೈಯಲ್ಲಿ ಏನೂ ಇರ್ಲಿಲ್ಲ. ಮೊದಲ್ನೇ ಚೆಂಡಿಗೇ ನಂಗೆ ಗೊತ್ತಾಯ್ತು. ಆ ಸದ್ದು ನಿಂದಲ್ಲ, ನನ್ನ ಗವಸಿಂದು. ನಾನು ಬಾಯಿ ಬಿಟ್ಟಿದ್ರೆ ಕ್ರಾಬ್‌ಟ್ರೀ ನಿನ್ನ ಕೂರಿಸ್ತಿದ್ದ. ತೋಳು ಉಳೀತಿತ್ತು."

ವರ್ಲಿನ್ ಗವಸನ್ನು ಗಲ್ಲಾದ ಮೇಲಿಟ್ಟು ಅಂಗೈಯ ಗುಂಡಿ ತೋರಿಸಿದ. ತಾನೇ ಚಾಕುವಿನಿಂದ ಕೆತ್ತಿದ್ದು, ಸದ್ದು ಬರಲಿ ಎಂದೇ ಕೆತ್ತಿದ್ದು ಎಂದ.

ಹಾಯ್ಟ್ ಗುಂಡಿಯೊಳಗೆ ಬೆರಳು ಹಾಕಿ ಸುತ್ತ ಆಡಿಸಿದ.

"ಚಾಕು ಅಂತೆ. ಲೋ, ಇದು ನನ್ನ ಚೆಂಡು ಕೊರೆದ ಗುಂಡಿ ಕಣೋ. ಅಂಥ ಬೆಂಕೀನ ಒಂದು ಬೇಸಿಗೆ ಹಿಡಿದ್ರೆ ತೊಗಲು ಉಳಿಯುತ್ತಾ?" ನನ್ನ ಕಡೆ ತಿರುಗಿದ. "ನೋಡ್ದಾ ಎಲ್ಬರ್ಟ್, ಕ್ಯಾಚರುಗಳ ಬುದ್ಧಿ. ಎಸೆದೋರು ನಾವು, ಸದ್ದು ಮಾತ್ರ ಇವ್ರದ್ದಂತೆ."

ನಕ್ಕ. ಆದರೆ ನಗು ನಿಂತ ಮೇಲೂ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಆಮೇಲೆ ಗಲ್ಲಾದ ಕೆಳಗಿಂದ ಒಂದು ಹಳೆಯ ಚೆಂಡು ತೆಗೆದು, "ಬಾ ಹೊರಗೆ," ಎಂದ.

ಅಂಗಡಿಯ ಹಿಂದೆ ಹಳೆಯ ಟೈರುಗಳ ರಾಶಿ, ಅದರ ನೆರಳಲ್ಲಿ ಮಲಗಿದ ನಾಯಿ. ಹಾಯ್ಟ್ ಪಾದದಿಂದ ಮಣ್ಣು ಕೆರೆದು ನಿಂತುಕೊಂಡ. ವರ್ಲಿನ್ ನನ್ನ ಕಿವಿಯ ಹತ್ತಿರ ಬಂದು, ಇವತ್ತು ಸದ್ದು ಮಾಡಿಸುವುದಿಲ್ಲ, ಅವನ ಕಿವಿಗೇ ತಿಳಿಯಲಿ ಎಂದ. ಆಮೇಲೆ ಕುಕ್ಕರಿಸಿದ. ಅವನ ಮಂಡಿಗಳು ಹುರಿದ ಜೋಳದ ಹಾಗೆ ಸಿಡಿದವು. ನಾನು ಅವನ ಬೆನ್ನ ಹಿಂದೆ ನಿಂತೆ.

ಹಾಯ್ಟನಿಗೆ ಬಲಗೈ ಎತ್ತಲಾಗಲಿಲ್ಲ. ಸೊಂಟದ ಬಳಿಯಿಂದಲೇ, ಹಲ್ಲು ಕಚ್ಚಿ, ಮೈಯನ್ನೆಲ್ಲ ತಿರುಗಿಸಿ ಎಸೆದ. ಚೆಂಡು ಎದ್ದು, ಯೋಚನೆ ಮಾಡಿ, ಬೇರೆ ಕೆಲಸವಿಲ್ಲವೆಂದು ನಮ್ಮ ಕಡೆ ಹೊರಟ ಹಾಗೆ ಬಂತು. ದಾರಿಯಲ್ಲಿ ಹಕ್ಕಿಯೊಂದು ಕೂತು ಮೊಟ್ಟೆಯಿಡುವಷ್ಟು ಪುರಸೊತ್ತಿತ್ತು. ವರ್ಲಿನ್ ಗವಸನ್ನು ಸಡಿಲವಾಗಿ, ಸತ್ತ ಮೀನಿನ ಹಾಗೆ ಮುಂದೆ ಚಾಚಿಕೊಂಡಿದ್ದ.

ಫಟ್.

ನಾಯಿ ಎದ್ದು ನಿಂತಿತು. ತಂತಿಯ ಮೇಲಿನ ಕಾಗೆಗಳೆಲ್ಲ ಹಾರಿದವು. ಸದ್ದು ಬೆಟ್ಟಕ್ಕೆ ಹೋಗಿ ತಾಗಿ ಮತ್ತೊಮ್ಮೆ ಬಂತು.

"ಕೇಳಿಸ್ತಾ?" ಎಂದ ಹಾಯ್ಟ್. ಅವನಿಗೆ ಉಸಿರು ಸಿಗುತ್ತಿರಲಿಲ್ಲ.

ವರ್ಲಿನ್ ಕುಕ್ಕರಿಸಿದಲ್ಲೇ ಇದ್ದ. ಗವಸಿನೊಳಗಿನ ಚೆಂಡನ್ನು ನೋಡುತ್ತಿದ್ದ.

"ಕೇಳಿಸ್ತು."

"ಯಾರದ್ದೋ ಆ ಸದ್ದು?"

ಹಾಯ್ಟನ ಮುಖದಲ್ಲಿ ನಗು ಇರಲಿಲ್ಲ ಈಗ. ಆ ತುದಿಯಿಂದ ಇವನ ಮುಖವನ್ನೇ ನೋಡುತ್ತಿದ್ದ, ಆ ಆಗಸ್ಟಿನಲ್ಲಿ ನೋಡಿದಂತೆಯೇ ಇರಬೇಕು.

"ನಿಂದು ಕಣೋ," ಎಂದ ವರ್ಲಿನ್. "ನಿಂದೇ."

ಹಾಯ್ಟ್ ಗವಸನ್ನು ಕೇಳಿ ತೆಗೆದುಕೊಂಡ. ಅಂಗಡಿಯ ಬಾಗಿಲ ಮೇಲೆ ಮೊಳೆ ಹೊಡೆದು ನೇತುಹಾಕಿ, ಆ ಬೇಸಿಗೆಯಿಡೀ ಬಂದವರಿಗೆಲ್ಲ ತನ್ನ ಚೆಂಡು ಕೊರೆದ ಗುಂಡಿಯನ್ನು ತೋರಿಸಿದನಂತೆ.

ವಾಪಸು ಬರುವಾಗ ವರ್ಲಿನ್ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಿದ್ದ. ಮಣಿಕಟ್ಟು ನೀನೇ ತಿರುಗಿಸಿದೆಯಾ ಎಂದು ಕೇಳಿದೆ. ತಿರುಗಿಸಲಿಲ್ಲ ಎಂದುಕೊಂಡಿದ್ದೇನೆ ಎಂದ. ಸ್ವಲ್ಪ ದೂರ ಹೋದ ಮೇಲೆ, ಗೊತ್ತಿಲ್ಲ ಎಂದ. ನಾನು ನಿಂತದ್ದು ಅವನ ಬೆನ್ನ ಹಿಂದೆ. ಮಣಿಕಟ್ಟು ನನಗೂ ಕಂಡಿರಲಿಲ್ಲ.

ಎಲೆ ಉದುರುವ ಮೊದಲೇ ಹಾಯ್ಟ್ ಹೋದ. ಶವಪೆಟ್ಟಿಗೆಯ ಎಡಗಡೆಯ ಹಿಡಿಕೆಯನ್ನು ವರ್ಲಿನ್ ಹಿಡಿದ. ನೋವೆಲಾ ಅಣ್ಣನ ಮಾತಿನಂತೆ ಗವಸನ್ನು ಅವನ ಬಲಗೈಯ ಕೆಳಗೆ ಇಟ್ಟು ಮುಚ್ಚಿಸಿದ್ದಳು. ಅದನ್ನು ಮಣ್ಣಿನೊಳಗೆ ಇಳಿಸಿದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ.

ಅಂದಿನಿಂದ ವರ್ಲಿನ್ ಕಿವಿಗೆ ಹತ್ತಿ ಇಡುವುದನ್ನು ಬಿಟ್ಟ. ಹೊಸ ಕೋಚ್ ಬಂದಿದ್ದರೂ ಇವನು ದಿನಾ ಸಂಜೆ ಮೈದಾನಕ್ಕೆ ಬರುತ್ತಾನೆ. ಹುಡುಗರು ಹೋದ ಮೇಲೆ ಬೇಲಿಯ ಮೂಲೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂರುತ್ತಾನೆ. ನಾನು ದಿಬ್ಬದ ಮಣ್ಣು ಎಳೆಯುತ್ತೇನೆ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳುವುದು ನಮ್ಮೂರಿನ ರೂಢಿ. ಹಸು, ಹಕ್ಕಿ, ಕುರಿಮರಿ, ಏನು ಬೇಕಾದರೂ ಕಳೆಯಿರಿ, ನನಗೆ ಬೇಜಾರಿಲ್ಲ.

ಮೊನ್ನೆ ಸಂಜೆ ನಾನು ಕುಂಟೆ ಎಳೆಯುತ್ತಿದ್ದಾಗ ನನ್ನ ಹಿಂದೆ ಫಟ್ ಎಂದಿತು. ಒಣ ಸದ್ದು, ಸ್ಪಷ್ಟ, ಎಲ್ಲೋ ತುಂಬ ಹತ್ತಿರದ್ದು. ಕುಂಟೆ ನನ್ನ ಕೈಯಿಂದ ಜಾರಿತು. ವರ್ಲಿನ್ ಅಲ್ಲಾಡಿರಲಿಲ್ಲ. ಕತ್ತೂ ತಿರುಗಿಸಿರಲಿಲ್ಲ. ಕೂತಿದ್ದ ಬಕೆಟ್ಟನ್ನು ಮಾತ್ರ ಯಾರಿಗೋ ಜಾಗ ಬಿಟ್ಟ ಹಾಗೆ ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡ. ಆಮೇಲೆ ನನ್ನ ಮುಖ ನೋಡಿದ.

"ಹೆದರ್ಕೋಬೇಡ ಎಲ್ಬರ್ಟ್," ಎಂದ. "ಮರಕುಟಿಗ ಕಣೋ."

ಆ ಮೂಲೆಯಲ್ಲಿ ಈಗ ಒಂದು ಮರವೂ ಇಲ್ಲ.